ಕಾಫಿ ಲೆಕ್ಕಕ್ಕಿಲ್ಲ

ಫೆಬ್ರವರಿ 3, 1998, ಮಂಗಳವಾರ

ಬಲಪಕ್ಕೆಯ ಕೆಳಗೆ ಎರಡು ತಿಂಗಳಿಂದ ಬರುತ್ತಿರುವ ನೋವಿಗೆ ಔಷಧಿ ಕೇಳಲು ಚಿಕ್ಕಮಗಳೂರಿಗೆ ಹೋದರೆ ಡಾಕ್ಟರ್ ರಮಾಕಾಂತ್ ಹೋಂವರ್ಕ್ ಕೊಟ್ಟು ಕಳಿಸಿದ್ದಾರೆ. ಏನು ತಿಂದೆ, ಎಷ್ಟು ಹೊತ್ತಿಗೆ ತಿಂದೆ, ನೋವು ಯಾವಾಗ ಬಂತು, ಎಲ್ಲ ಬರೆದಿಡಬೇಕಂತೆ. ಗೊಬ್ಬರದ ಅಂಗಡಿಯವರು ಹೊಸ ವರ್ಷಕ್ಕೆ ಕೊಟ್ಟ ಡೈರಿ ಖಾಲಿ ಬಿದ್ದಿತ್ತು. ಎಸ್ಸೆಸ್ಸೆಲ್ಸಿ ಆದ ಮೇಲೆ ನಾನು ಪೆನ್ನು ಹಿಡಿದದ್ದು ಲಗ್ನಪತ್ರಿಕೆಗಳ ಮೇಲೆ ವಿಳಾಸ ಬರೆಯುವುದಕ್ಕೆ ಮಾತ್ರ. ನಲವತ್ತೇಳನೇ ವಯಸ್ಸಿನಲ್ಲಿ ಶಾಂತಕುಮಾರಿ ಲೇಖಕಿಯಾದಳು ಎಂದು ಗೊತ್ತಾದರೆ ಆಲ್ದೂರಿನ ಬಸ್ ಸ್ಟ್ಯಾಂಡಿನಲ್ಲಿ ಶಾಲು ಹೊದಿಸಿ ಸನ್ಮಾನ ಮಾಡಿಯಾರು.

ಡಾಕ್ಟರಿಗೆ ತೋರಿಸಲು ತಿಂದದ್ದನ್ನು ಮಾತ್ರ ಬೇರೆ ಹಾಳೆಗೆ ಇಳಿಸಿಕೊಂಡರಾಯಿತು. ಈ ಡೈರಿ ನನ್ನದು. ಇಲ್ಲಿ ಯಾರ ಮೇಲೆ ಬೇಕಾದರೂ ಚಾಡಿ ಬರೆಯುತ್ತೇನೆ.

ಬೆಳಿಗ್ಗೆ ಐದೂವರೆಗೆ ಎದ್ದು ಕಾಫಿ ಕುಡಿದೆ. ಆಮೇಲೆ ಸ್ನಾನ, ಶಿವಪೂಜೆ. ಪೂಜೆಗೆ ಮುಂಚೆ ಒಂದು ಕಾಳನ್ನೂ ಬಾಯಿಗೆ ಹಾಕುವವಳಲ್ಲ ನಾನು. ಆರೂಮುಕ್ಕಾಲಿಗೆ ನೋವು ಬಂತು. ಎಂಟಕ್ಕೆ ತಿಂಡಿ.

ತಿಂದದ್ದು: ಅಕ್ಕಿರೊಟ್ಟಿ ಎರಡು, ಬದನೆಕಾಯಿ ಪಲ್ಯ.
ನೋವು: ತಿನ್ನುವುದಕ್ಕೆ ಮುಂಚೆಯೇ! ಡಾಕ್ಟರು ಇದಕ್ಕೇನು ಹೇಳುತ್ತಾರೋ ನೋಡೋಣ.

ಮೊದಲ ಚಾಡಿ ಇವರ ಮೇಲೆ. ಎಂದಿನಂತೆ ಜಗಲಿಯ ಕುರ್ಚಿಯಲ್ಲಿ ಕೂತು "ಕಾಫೀ!" ಎಂದು ಕೂಗಿದರು. ಆಲ್ದೂರು ಪೇಟೆಯಲ್ಲಿ ಇಪ್ಪತ್ತೆಂಟು ವರ್ಷದಿಂದ ಕಾಫಿಪುಡಿ ಅಂಗಡಿ ಇಟ್ಟಿರುವ ಮನುಷ್ಯ. ಬೀಜ ಮೂಸಿಯೇ ಇದು ಅತ್ತಿಗುಂಡಿಯದು, ಇದು ಜಾವಳಿಯದು ಎನ್ನುತ್ತಾರೆ. ಆದರೆ ಒಂದು ಲೋಟ ಕಾಫಿ ಮಾಡಿಕೊಳ್ಳಲು ಬಾರದು. ಮಾಡಿಕೊಡಬೇಕಾದವಳು ನಾನು, ಕುಡಿದು ಕುರ್ಚಿಯ ಕೆಳಗಿಟ್ಟ ಲೋಟ ಎತ್ತಬೇಕಾದವಳೂ ನಾನು. ದೀಪದ ಬುಡದಲ್ಲೇ ಕತ್ತಲೆ.

ಫೆಬ್ರವರಿ 9, ಸೋಮವಾರ

ಸೋಮವಾರದ ಉಪವಾಸ. ಬೆಳಿಗ್ಗೆ ಕಾಫಿ, ಪೂಜೆಯಾದ ಮೇಲೆ ಕಾಫಿ, ಹನ್ನೊಂದಕ್ಕೆ ಒಂದು, ಮೂರಕ್ಕೆ ಒಂದು. ಉಪವಾಸಕ್ಕೆ ಕಾಫಿ ಅಡ್ಡಿಯಿಲ್ಲ, ನಮ್ಮ ಅತ್ತೆಯವರ ಕಾಲದಿಂದಲೂ ಹಾಗೇ. ಮಠದ ಗುರುವಯ್ಯನವರು ಕೂಡ "ಇವತ್ತು ಉಪವಾಸ ಕಣಮ್ಮ" ಎನ್ನುತ್ತಲೇ ನಮ್ಮ ಮನೆಯಲ್ಲಿ ಎರಡು ಲೋಟ ಮುಗಿಸುತ್ತಾರೆ.

ತಿಂದದ್ದು: ಏನೂ ಇಲ್ಲ.
ನೋವು: ನಾಲ್ಕು ಸಲ.

ಇವತ್ತು ನನಗೊಂದು ಸಂಶೋಧನೆ ಹೊಳೆಯಿತು. ಊಟ ಮಾಡಿದ ದಿನ ನೋವು ಒಂದೋ ಎರಡೋ ಸಲ, ಉಪವಾಸದ ದಿನ ನಾಲ್ಕು ಸಲ. ಅಂದರೆ ನೋವು ತಿನ್ನುವುದರಿಂದ ಬರುವುದಲ್ಲ, ತಿನ್ನದೇ ಇರುವುದರಿಂದ! ಇಷ್ಟು ದೊಡ್ಡ ವಿಷಯ ಆಲ್ದೂರಿನ ಹೆಂಗಸೊಬ್ಬಳು ಕಂಡುಹಿಡಿದಳಲ್ಲ ಎಂದು ಹಿಗ್ಗಿ ಇನ್ನೊಂದು ಲೋಟ ಕಾಫಿ ಬೆರೆಸಿಕೊಂಡೆ. ಮತ್ತೆ ನೋವು ಬಂತು. ಐದು ಸಲ ಎಂದು ಓದಿಕೊಳ್ಳಬೇಕು.

ಫೆಬ್ರವರಿ 12, ಗುರುವಾರ

ಸ್ಕ್ಯಾನಿಂಗ್ ಆಯಿತು. ಖಾಲಿ ಹೊಟ್ಟೆಯಲ್ಲಿ ಬರಬೇಕು, ಬರುವಾಗ ಬೆಣ್ಣೆ ಹಚ್ಚಿದ ದೋಸೆ ಎರಡು ಕಟ್ಟಿಕೊಂಡು ಬರಬೇಕು ಎಂದಿದ್ದರು. ಎದ್ದು ಕಾಫಿ ಕುಡಿದು, ಪೂಜೆ ಮುಗಿಸಿ, ದೋಸೆ ಹುಯ್ದು, ಬೆಣ್ಣೆ ಹಚ್ಚಿ ಡಬ್ಬಿಗೆ ಹಾಕಿದೆ. ಘಮಘಮ ದೋಸೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಒಂದು ಚೂರೂ ಮುಟ್ಟದೆ ಕೂತವಳಿಗೆ ಸರ್ಕಾರ ಏನಾದರೂ ಕೊಡಬೇಕು. ಇವರೂ ಜೊತೆಗೆ ಬಂದಿದ್ದರು. ಅಂಗಡಿ ಬಿಟ್ಟು ಯಾಕೆ ಬಂದರೋ!

ಹೊಟ್ಟೆಗೆ ತಣ್ಣನೆಯ ಲೋಳೆ ಹಚ್ಚಿ ಒಂದು ಸಲ ನೋಡಿದರು. ಆಮೇಲೆ ದೋಸೆ ತಿನ್ನಿ ಎಂದರು. ಬೆಂಚಿನ ಮೇಲೆ ಕೂತು ಡಾಕ್ಟರ ಅಪ್ಪಣೆಯಂತೆ ಬೆಣ್ಣೆದೋಸೆ ತಿಂದವಳು ಇಡೀ ಜಿಲ್ಲೆಯಲ್ಲಿ ನಾನೊಬ್ಬಳೇ ಇರಬೇಕು. ಪಕ್ಕದಲ್ಲಿ ಗ್ಲೂಕೋಸ್ ಹಾಕಿಸಿಕೊಳ್ಳಲು ಬಂದಿದ್ದ ಅಜ್ಜಿ ನನ್ನನ್ನು ನೋಡಿದ ನೋಟಕ್ಕೆ ಗಂಟಲಲ್ಲಿ ಸಿಕ್ಕಿಕೊಂಡಿತು. ಮುಕ್ಕಾಲು ಗಂಟೆ ಬಿಟ್ಟು ಮತ್ತೆ ನೋಡಿದರು.

ಡಾಕ್ಟರು ಹೇಳಿದ್ದು ಇಷ್ಟು. ಪಿತ್ತಕೋಶ ಅನ್ನುವ ಚೀಲದಲ್ಲಿ ಮರಳಿನ ಹಾಗೆ ಏನೋ ಇದೆ. ಹೊಟ್ಟೆಗೆ ಜಿಡ್ಡು ಬಿದ್ದಾಗ ಆ ಚೀಲ ಚೆನ್ನಾಗಿ ಹಿಂಡಿಕೊಂಡರೆ ಪಥ್ಯ ಮಾಡಿ ಸಂಭಾಳಿಸಬಹುದು. ಹಿಂಡಿಕೊಳ್ಳದಿದ್ದರೆ ಅದು ಸತ್ತ ಚೀಲ, ಆಪರೇಷನ್ ಮಾಡಿ ತೆಗೆಯಬೇಕು.

"ದೋಸೆಗೆ ಮುಂಚೆ ನೋಡಿದ್ರೂ ಮುದುಡ್ಕೊಂಡಿದೆ, ತಿಂದ್ಮೇಲೂ ಹಾಗೇ ಇದೆ. ಅಲ್ಲಾಡಿಲ್ಲ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ ತಾನೆ?"

"ಶಿವನಾಣೆ ಡಾಕ್ಟ್ರೇ, ಒಂದಗುಳೂ ಇಲ್ಲ" ಎಂದೆ.

ಮುಂದಿನ ಗುರುವಾರ ಇನ್ನೊಮ್ಮೆ ನೋಡುತ್ತಾರಂತೆ. ಈ ಡಾಕ್ಟರು ಕಡೂರಿನ ಆಚೆಯವರು. ಬೆಳಿಗ್ಗೆ ಎದ್ದು ಬಿಸಿನೀರು ಕುಡಿಯುತ್ತಾರಂತೆ. ಕಾಫಿ ಮುಟ್ಟದ ಮನುಷ್ಯನ ಕೈಯಲ್ಲಿದೆ ನನ್ನ ಹೊಟ್ಟೆ.

ಫೆಬ್ರವರಿ 15, ಭಾನುವಾರ

ಕೃತಿಕಾ ನನಗೆ ಪಾಠ ಮಾಡಿದಳು. ನನ್ನ ಮೈದುನನ ಮಗಳು, ಬಿ.ಎಸ್ಸಿ. ಎರಡನೇ ವರ್ಷ, ನಮ್ಮ ಮನೆಯಲ್ಲೇ ಇದ್ದುಕೊಂಡು ಕಾಲೇಜಿಗೆ ಬಸ್ಸಿನಲ್ಲಿ ಓಡಾಡುತ್ತಾಳೆ. ಬೆಳಿಗ್ಗೆ ತಿಂಡಿ ಹೊತ್ತಿಗೆ ನನಗೆ ಹಸಿವೇ ಇರುವುದಿಲ್ಲ ಎಂದದ್ದಕ್ಕೆ ದಪ್ಪ ಪುಸ್ತಕ ತಂದು ಕೂತಳು.

"ಸಣ್ಣ ಕರುಳಿನ ಶುರೂನಲ್ಲಿ ಒಂದು ಹಾರ್ಮೋನ್ ಹುಟ್ಟುತ್ತೆ ದೊಡ್ಡಮ್ಮ. ಜಿಡ್ಡಿನ ಪದಾರ್ಥ ಬಂದ್ ಕೂಡ್ಲೆ ರಕ್ತದಲ್ಲಿ ಹೊರಟುಬಿಡುತ್ತೆ. ಪಿತ್ತಕೋಶಕ್ಕೆ ಹೋಗಿ 'ಹಿಂಡು' ಅನ್ನುತ್ತೆ. ಹೊಟ್ಟೆಗೆ 'ನಿಧಾನ, ಅವಸರ ಬೇಡ' ಅನ್ನುತ್ತೆ. ಮೆದುಳಿಗೆ 'ಸಾಕು, ಎಲೆ ಮಡಚು' ಅನ್ನುತ್ತೆ. ಆವಾಗ ನಮ್ಗೆ ಹೊಟ್ಟೆ ತುಂಬ್ತು ಅನ್ಸೋದು."

"ಇಷ್ಟೆಲ್ಲ ಒಬ್ಬಳೇ ಮಾಡ್ತಾಳಾ? ಹಂಗಾದ್ರೆ ಅದು ಹೆಂಗ್ಸೇ ಬಿಡು" ಎಂದೆ.

ಹೆಸರು ಕೋಲಿಸಿಸ್ಟೊಕೈನಿನ್ ಅಂತೆ. ಬಾಯಲ್ಲಿ ಉರುಳಿಸುವಷ್ಟರಲ್ಲಿ ಹಲ್ಲುಸೆಟ್ಟು ಕಳಚಿಬಿದ್ದೀತು. ನಾನು ಕೋಲಮ್ಮ ಎಂದು ಹೆಸರಿಟ್ಟೆ. ಪಾಪ, ನನ್ನ ಕೋಲಮ್ಮ ಬೆಣ್ಣೆದೋಸೆ ಬಂದರೂ ಮಲಗಿಯೇ ಇದ್ದಾಳಲ್ಲ! ಇಲ್ಲವೆ ಅವಳು ಕೂಗಿದ್ದು ಚೀಲಕ್ಕೆ ಕೇಳಿಸಲಿಲ್ಲ.

ಪಾಠ ನಡೆಯುವಾಗ ಇವರು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. ಏನು ಬೇಕು ಎಂದರೆ ಬೆಂಕಿಪೊಟ್ಟಣ ಎಂದರು. ಕೊಟ್ಟೆ. ಕೊಟ್ಟರೂ ನಿಂತೇ ಇದ್ದರು. ಸಂಜೆ ನೋಡಿದರೆ ಇವರ ಲೋಟ ಪಾತ್ರೆ ತೊಳೆಯುವ ಕಲ್ಲಿನ ಮೇಲಿತ್ತು. ಕೃತಿಕಾ ತಂದಿಟ್ಟಿರಬೇಕು, ಒಳ್ಳೆಯ ಹುಡುಗಿ.

ಫೆಬ್ರವರಿ 19, ಗುರುವಾರ

ಕಾಫಿ, ಪೂಜೆ, ದೋಸೆ, ಬಸ್ಸು. ಈ ಸಲ ಬೆಣ್ಣೆ ಧಾರಾಳವಾಗಿ ಹಚ್ಚಿದ್ದೆ, ಕೋಲಮ್ಮ ಏಳಲಿ ಎಂದು.

ಏಳಲಿಲ್ಲ. ಮುಂಚೆಯೂ ಮುದುಡಿತ್ತು, ಆಮೇಲೂ ಹಾಗೇ.

ಮಾರ್ಚ್ ಒಂಬತ್ತಕ್ಕೆ ಆಪರೇಷನ್.

ಫೆಬ್ರವರಿ 21, ಶನಿವಾರ

ನಾನು ಹದಿನೇಳರವಳಿದ್ದಾಗ ಅಮ್ಮ ಹೊಟ್ಟೆಯ ಆಪರೇಷನ್ನಿಗೆ ಹೋದಳು. ಹೋಗುವಾಗ "ಮೊಸರಿಗೆ ಹೆಪ್ಪು ಹಾಕೋದು ಮರೀಬೇಡ" ಎಂದಿದ್ದಳು. ನಾನು ಹೆಪ್ಪು ಹಾಕಿ ಕಾದೆ. ಅಮ್ಮ ಮನೆಗೆ ಬರಲಿಲ್ಲ. ಮೊಸರನ್ನು ಯಾರೂ ತಿನ್ನಲಿಲ್ಲ.

ನನಗೆ ಹೆದರಿಕೆ ಆಗುತ್ತಿದೆ. ಇದನ್ನು ಇಲ್ಲಿ ಬಿಟ್ಟರೆ ಎಲ್ಲೂ ಹೇಳುವುದಿಲ್ಲ.

ಫೆಬ್ರವರಿ 25, ಬುಧವಾರ, ಶಿವರಾತ್ರಿ

ದಿನವಿಡೀ ನಿಟ್ಟುಪವಾಸ. ಕಾಫಿ ಏಳು ಸಲವೋ ಎಂಟು ಸಲವೋ, ಬಂದವರ ಜೊತೆಗೆಲ್ಲ ಕುಡಿಯಬೇಕಲ್ಲ. ನೋವು ಬಂದ ಸಲಗಳನ್ನು ಎಣಿಸಲಿಲ್ಲ. ಶಿವನಿಗೆ ಮೂರು ಕಣ್ಣಿದ್ದರೂ ನನ್ನ ಪಕ್ಕೆ ಕಾಣಿಸುತ್ತಿಲ್ಲ ಎಂದು ಗೊಣಗಿದೆ. ಹಬ್ಬದ ದಿನ ಹಾಗನ್ನಬಾರದು, ಕೆನ್ನೆ ಬಡಿದುಕೊಂಡೆ.

ತಿಂದದ್ದು: ಏನೂ ಇಲ್ಲ.

ಮಧ್ಯಾಹ್ನ ಪಕ್ಕೆ ಹಿಡಿದು ಮಲಗಿದ್ದಾಗ ಇವರು ಬಂದು ಕೂತರು. "ಫಿಲ್ಟರಿಗೆ ಎಷ್ಟು ಚಮಚ ಪುಡಿ ಹಾಕ್ತೀಯೆ?" ಎಂದರು.

"ಯಾಕ್ರೀ?"

"ಅಂಗಡೀಲಿ ಯಾರೋ ಗಿರಾಕಿ ಕೇಳಿದ್ರು."

"ಇಪ್ಪತ್ತೆಂಟು ವರ್ಷ ಪುಡಿ ಮಾರಿ ಇದೂ ಗೊತ್ತಿಲ್ವಾ? ಒಳ್ಳೇ ಅಂಗಡಿ ಕಣ್ರೀ ನಿಮ್ದು" ಎಂದು ನಕ್ಕೆ. ನಗುವಾಗ ನೋವು ಇನ್ನೂ ಜೋರಾಯಿತು. ಆದರೂ ಮೂರು ಚಮಚ, ಒತ್ತಬಾರದು, ನೀರು ಮರಳುತ್ತಿರಬೇಕು ಎಂದು ಹೇಳಿದೆ. ಅಂಗಿಯ ಜೇಬಿನಿಂದ ಚೀಟಿ ತೆಗೆದು ಬರೆದುಕೊಂಡರು. ಗಿರಾಕಿ ದೊಡ್ಡ ಎಸ್ಟೇಟಿನವರೇ ಇರಬೇಕು, ಇಷ್ಟು ಮರ್ಯಾದೆ.

ಮಾರ್ಚ್ 3, ಮಂಗಳವಾರ

ನಿನ್ನೆ ಹೂಮಳೆ ಬಿತ್ತು. ಇನ್ನೊಂದು ವಾರಕ್ಕೆ ತೋಟಗಳೆಲ್ಲ ಬೆಳ್ಳಗಾಗುತ್ತವೆ. ಒಂಬತ್ತನೇ ತಾರೀಖಿಗೆ ಸರಿಯಾಗಿ. ಕಾಫಿ ಹೂವಿನ ವಾಸನೆ ಕುಡಿದುಕೊಂಡು ಆಪರೇಷನ್ನಿಗೆ ಹೋಗುವ ಯೋಗ!

ಕೃತಿಕಾಳನ್ನು ಕೂರಿಸಿಕೊಂಡು ಮನೆಯ ವಿಷಯವೆಲ್ಲ ಹೇಳಿದೆ. ಜೀರಿಗೆ ಯಾವ ಡಬ್ಬಿ, ಮಿಡಿ ಉಪ್ಪಿನಕಾಯಿ ಭರಣಿಗೆ ಒದ್ದೆ ಸೌಟು ಹಾಕಬಾರದು, ದೊಡ್ಡಪ್ಪನಿಗೆ ಹುಳಿ ಹೆಚ್ಚಾದರೆ ಆಗದು, ಲೋಟ ಕುರ್ಚಿಯ ಕೆಳಗಿರುತ್ತದೆ. ಅವಳು, "ದೊಡ್ಡಮ್ಮ, ಅತ್ತುಬಿಡ್ತೀನಿ ನೋಡಿ ಈಗ" ಎಂದಳು. "ಅಳು, ಆದ್ರೆ ಮೊದ್ಲು ಜೀರಿಗೆ ಡಬ್ಬಿ ಯಾವ್ದು ಹೇಳು" ಎಂದೆ. ತಪ್ಪು ಡಬ್ಬಿ ತೋರಿಸಿದಳು. ಇಬ್ಬರೂ ಬಿದ್ದು ಬಿದ್ದು ನಕ್ಕೆವು.

ಇವರ ಬಲಗೈ ಹೆಬ್ಬೆರಳಿಗೆ ಬ್ಯಾಂಡೇಜು. ಹುರಿಯುವ ಡ್ರಮ್ಮು ತಗುಲಿತು ಎಂದರು. ಹುರಿಯುವುದು ಅಂಗಡಿಯ ಹಾಲೇಶ್, ಸುಟ್ಟುಕೊಳ್ಳುವುದು ಇವರು. ಹಾಲೇಶ್ ಸಾಮಾನು ತಂದು ಕೊಟ್ಟಾಗ "ವ್ಯಾಪಾರ ಹೇಗೋ?" ಎಂದೆ. "ಈಗೀಗ ಗಿರಾಕಿಗಳು ಅಂಗಡೀಲಿ ನಿಲ್ತಾನೇ ಇಲ್ಲ ಅಮ್ಮಾವ್ರೇ, ದೂರದಿಂದ್ಲೇ ಕೈಮುಗ್ದು ಹೋಗ್ತಾರೆ" ಎಂದು ಮುಖ ಆಚೆ ತಿರುಗಿಸಿಕೊಂಡ. ನಗುತ್ತಿದ್ದ ಹಾಗಿತ್ತು. ವ್ಯಾಪಾರ ಬಿದ್ದುಹೋದರೆ ನಗುವುದೇ?

ಮಾರ್ಚ್ 8, ಭಾನುವಾರ

ಸಂಜೆ ನರ್ಸ್ ರಾಮಮ್ಮ ಫೋನು ಮಾಡಿ ನೆನಪಿಸಿದಳು. "ಬೆಳಿಗ್ಗೆ ಒಂಬತ್ತಕ್ಕೆ ಇಲ್ಲಿರ್ಬೇಕು, ಖಾಲಿ ಹೊಟ್ಟೆ." ನಾಳೆ ಸೋಮವಾರ, ಹೇಗೂ ಉಪವಾಸವೇ ಎಂದೆ.

ಮೊಸರಿಗೆ ಹೆಪ್ಪು ಹಾಕಿದೆ. ಯಾರಿಗೂ ಹೇಳಿ ಹೋಗುವುದಿಲ್ಲ.

ಮಾರ್ಚ್ 9, ಸೋಮವಾರ

ಬದುಕಿದ್ದೇನೆ! ಹೊಟ್ಟೆಯೂ ಇಡಿಯಾಗಿದೆ! ನಕ್ಕೂ ನಕ್ಕೂ ಸಾಕಾಗಿದೆ. ಮೊದಲಿನಿಂದ ಬರೆಯಬೇಕು.

ಬೆಳಿಗ್ಗೆ ನನಗೆ ಏಳಲು ಮನಸ್ಸಾಗಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗಿದ್ದೆ. ಕಾಫಿಯೂ ಬೇಡ ಅನ್ನಿಸಿತ್ತು. ಅಷ್ಟರಲ್ಲಿ ಹಾಲು ಸೀದ ವಾಸನೆ ಬಂತು. ಕಳ್ಳರು ಬಂದರೂ ಹಾಲು ಸೀಯಿಸುವುದಿಲ್ಲವಲ್ಲ ಎಂದು ಎದ್ದು ಕೂತರೆ, ಇವರು ಎರಡೂ ಕೈಯಲ್ಲಿ ಲೋಟ ಹಿಡಿದುಕೊಂಡು, ಅಭಿಷೇಕಕ್ಕೆ ಹಾಲು ತರುವವರ ಹಾಗೆ ಒಂದೊಂದೇ ಹೆಜ್ಜೆ ಇಟ್ಟು ಬರುತ್ತಿದ್ದಾರೆ.

"ಏನ್ರೀ ಇದು?"

"ಕಾಫಿ. ಕುಡಿ. ಏನೂ ತಿನ್ನೋ ಹಂಗಿಲ್ಲ, ಖಾಲಿ ಹೊಟ್ಟೇಲಿ ಹ್ಯಾಗೆ ಹೋಗ್ತೀಯ."

ಮದುವೆಯಾದ ಇಷ್ಟು ವರ್ಷಕ್ಕೆ ಮೊದಲ ಲೋಟ. ಕುಡಿದೆ. ಸೀದ ಹಾಲು, ನೀರಿನಂಥ ಡಿಕಾಕ್ಷನ್ನು, ತಳದಲ್ಲಿ ಎರಡು ಬೆರಳು ಸಕ್ಕರೆ. ಒಂದು ತೊಟ್ಟೂ ಬಿಡಲಿಲ್ಲ. ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ.

ಒಂಬತ್ತಕ್ಕೆ ಆಸ್ಪತ್ರೆ. ಹಸಿರು ಅಂಗಿ ಹಾಕಿಸಿ, ಬಳೆ ತೆಗೆಸಿ, ತಳ್ಳುವ ಮಂಚದ ಮೇಲೆ ಮಲಗಿಸಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಅರಿವಳಿಕೆ ಕೊಡುವ ಡಾಕ್ಟರಮ್ಮ ಬಗ್ಗಿ ಕೇಳಿದರು.

"ಬೆಳಿಗ್ಗೆ ಏನಾದ್ರೂ ತಗೊಂಡ್ರಾ?"

"ಏನೂ ಇಲ್ಲಮ್ಮ. ಖಾಲಿ ಹೊಟ್ಟೆ. ಬರೀ ಕಾಫಿ."

"ಏನು?"

"ಬರೀ ಕಾಫಿ. ಇವತ್ತು ಒಂದೇ ಲೋಟ."

ಮಂಚ ನಿಂತಿತು. ಡಾಕ್ಟರಮ್ಮ ಬಾಯಿಯ ಬಟ್ಟೆ ಕೆಳಗೆಳೆದು, "ಕಾಫಿ ಕುಡಿದವ್ರನ್ನ ಟೇಬಲ್ ಮೇಲೆ ಮಲಗಿಸಿದ್ರೆ ಅದು ಮೇಲಕ್ಕೆ ಬಂದು ಶ್ವಾಸಕೋಶಕ್ಕೆ ಹೋಗುತ್ತೆ! ಜೀವ ಹೋಗುತ್ತೆ ಕಣ್ರೀ!" ಎಂದು ಕೂಗಿಕೊಂಡರು. ರಮಾಕಾಂತ್ ಡಾಕ್ಟರು ಓಡಿಬಂದರು. ಹಿಂದೆ ಇವರೂ ಬಂದರು.

"ಮಲ್ಲಿಕಾರ್ಜುನಪ್ಪನವ್ರೇ, ಯಾರು ಕೊಟ್ಟಿದ್ದು ಕಾಫಿ?"

ಇವರು ಬ್ಯಾಂಡೇಜಿನ ಬೆರಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. "ನಾನೇ ಡಾಕ್ಟ್ರೇ. ಜೀವ ತಡೀಲಿಲ್ಲ."

ನನಗೆ ಇವರನ್ನು ಬೈಯುತ್ತಾರಲ್ಲ ಎಂದು ಸಿಟ್ಟು ಬಂತು. ಮಲಗಿದಲ್ಲಿಂದಲೇ, "ಅವ್ರನ್ನ ಯಾಕೆ ಬೈತೀರಾ? ಕಾಫಿ ಏನು ಊಟವಾ? ಸ್ಕ್ಯಾನಿಂಗಿಗೆ ಬಂದಾಗ್ಲೂ ಕುಡ್ಕೊಂಡೇ ಬಂದಿದ್ನಲ್ಲ, ಆವಾಗ ಏನಾಯ್ತು?" ಎಂದೆ.

ಡಾಕ್ಟರು ನನ್ನನ್ನೇ ನೋಡಿದರು. ಎಷ್ಟು ಹೊತ್ತು ನೋಡಿದರು ಎಂದರೆ ನನ್ನ ಹಣೆಯ ವಿಭೂತಿ ಅಳಿಸಿದೆಯೋ ಏನೋ ಎಂದುಕೊಂಡೆ.

"ಎರಡೂ ಸಲ?"

"ಎರಡೂ ಸಲ. ದಿನಾ."

ಡಾಕ್ಟರು ಅಲ್ಲೇ ಸ್ಟೂಲಿನ ಮೇಲೆ ಕೂತುಬಿಟ್ಟರು. ಕಾಫಿಗೂ ಆ ಹಾರ್ಮೋನು ಹೊರಡುತ್ತದೆ ಎಂದು ಎಲ್ಲೋ ಓದಿದ್ದರಂತೆ. "ನಿಮ್ಮ ಪಿತ್ತಕೋಶ ಸತ್ತಿಲ್ಲ ತಾಯಿ. ನೀವು ಕಾಫಿ ಕುಡಿದು ಮನೇಲೇ ಅದನ್ನ ಹಿಂಡಿಸ್ಕೊಂಡು ಬಂದು, ಹಿಂಡಿದ ಬಟ್ಟೇನ ಮತ್ತೆ ಹಿಂಡಿ ಅಂತ ನನ್ನ ಕೈಗೆ ಕೊಡ್ತಿದ್ರಿ ಅಂತ ಕಾಣುತ್ತೆ. ಇನ್ನೊಂದ್ಸಲ ನೋಡೇ ತೀರ್ಮಾನ ಮಾಡಾಣ. ನೀರೂ ಇಲ್ಲದ ಖಾಲಿ ಹೊಟ್ಟೆ!"

ಅಂದರೆ ಕೋಲಮ್ಮ ಮಲಗಿರಲಿಲ್ಲ! ನಾನು ಏಳುವುದಕ್ಕೇ ಕಾದಿದ್ದು, ಕಾಫಿ ಬಿದ್ದ ತಕ್ಷಣ ಓಡಿಹೋಗಿ ಚೀಲ ಹಿಂಡಿ, ಮೆದುಳಿಗೆ 'ಸಾಕು' ಎಂದು ಹೇಳಿ, ನಾನು ಬಸ್ಸು ಹತ್ತುವಷ್ಟರಲ್ಲಿ ಕೆಲಸ ಮುಗಿಸಿ ಕೂತಿರುತ್ತಿದ್ದಳು. ಅವಳನ್ನು ಮಲಗಿದ್ದಾಳೆ ಎಂದೆನಲ್ಲ.

ಮನೆಗೆ ಬಂದು ಈ ಡೈರಿಯನ್ನು ಮೊದಲಿನಿಂದ ಓದಿದೆ. ಪುಟ ಪುಟದಲ್ಲೂ ಕಾಫಿ, ಅದರ ಹಿಂದೆಯೇ ನೋವು. ನನ್ನ ಕೈಯಲ್ಲೇ ಬರೆದಿದ್ದೇನೆ. ಡಾಕ್ಟರಿಗೆ ಕೊಟ್ಟ ಹಾಳೆಯಲ್ಲಿ ಒಂದೇ ಒಂದು ಲೋಟವೂ ಇಲ್ಲ. ನನ್ನಂಥ ಸಂಶೋಧಕಿ ಇನ್ನೊಬ್ಬಳು ಹುಟ್ಟಬೇಕು.

ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು. ಮೂವರೂ ಹಾಕಿಕೊಂಡು ಉಂಡೆವು. ಸೋಮವಾರವಾದರೇನು, ಶಿವ ಬೇಜಾರು ಮಾಡಿಕೊಳ್ಳುವುದಿಲ್ಲ.

ಮಾರ್ಚ್ 12, ಗುರುವಾರ

ನೆನಪಿರುವ ಹಾಗೆ ಕಾಫಿಯಿಲ್ಲದ ಮೊದಲ ಬೆಳಗು. ತಲೆ ಸಿಡಿಯುತ್ತಿತ್ತು. ದೇವರ ಮುಂದೆ ಕೂತರೆ ಮಂತ್ರದ ಬದಲು ಡಿಕಾಕ್ಷನ್ ತೊಟ್ಟಿಕ್ಕುವ ಸದ್ದು ಕಿವಿಯಲ್ಲಿ. ಇವರು ಫಿಲ್ಟರನ್ನು ಬೀರುವಿನಲ್ಲಿಟ್ಟು ಬೀಗ ಹಾಕಿ ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡಿದ್ದರು. ತಾವೂ ಕುಡಿಯಲಿಲ್ಲ. "ನೀವು ಕುಡೀರಿ, ಸ್ಕ್ಯಾನಿಂಗ್ ನನಗೆ" ಎಂದರೆ, "ಸುಮ್ನಿರೆ ಮಾರಾಯ್ತಿ, ನಂಗೂ ತಲೆನೋವು" ಎಂದರು. ಬಸ್ಸಿನಲ್ಲಿ ಇಬ್ಬರೂ ಹಣೆ ಒತ್ತಿಕೊಂಡು ಕೂತೆವು. ಇಡೀ ದಾರಿ ಕಾಫಿ ಹೂವಿನ ವಾಸನೆ, ಹೊಟ್ಟೆ ಉರಿಸಲೆಂದೇ!

ದೋಸೆಗೆ ಮುಂಚೆ ನೋಡಿದರು. ಡಾಕ್ಟರು "ಆಹಾ" ಎಂದರು. ಚೀಲ ತುಂಬಿಕೊಂಡು ಪೇರಳೆಹಣ್ಣಿನ ಹಾಗಿದೆಯಂತೆ. ದೋಸೆ ತಿಂದೆ. ಮುಕ್ಕಾಲು ಗಂಟೆ ಇವರು ಬೆಂಚಿನಲ್ಲಿ ನನ್ನ ಕೈ ಹಿಡಿದು ಕೂತಿದ್ದರು, ಹತ್ತು ಜನರ ಎದುರಿಗೆ. ಬಿಡಿ ಎನ್ನೋಣ ಅನ್ನಿಸಿತು, ಮರೆತೆ.

ಆಮೇಲೆ ನೋಡಿದರು. ಮುಕ್ಕಾಲು ಪಾಲು ಹಿಂಡಿಕೊಂಡಿದೆ!

ಆಪರೇಷನ್ ಬೇಡ. ಕರಿದದ್ದು ಕಡಿಮೆ, ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು. ಕಾಫಿ ಬರಿಹೊಟ್ಟೆಯಲ್ಲಿ ಕೂಡದು, ತಿಂಡಿಯಾದ ಮೇಲೆ ಅರ್ಧ ಲೋಟ, ಅದೂ ನೋವು ಬಾರದಿದ್ದರೆ. ಕೋಣೆಯ ಬಾಗಿಲಿಗೆ ರಾಮಮ್ಮ ಹೊಸ ಬೋರ್ಡು ಅಂಟಿಸುತ್ತಿದ್ದಳು: "ಖಾಲಿ ಹೊಟ್ಟೆ ಎಂದರೆ ಕಾಫಿಯೂ ಇಲ್ಲ." ಅದನ್ನು ಓದಿ ಬೆಂಚಿನಲ್ಲಿದ್ದ ಮೂವರು ಎದ್ದು ಮನೆಗೆ ಹೋದರು.

ಮಾರ್ಚ್ 13, ಶುಕ್ರವಾರ

ಹಾಲೇಶ್ ಎಲ್ಲ ಬಾಯಿಬಿಟ್ಟ. ಶಿವರಾತ್ರಿ ಆದಾಗಿನಿಂದ ಇವರು ಅಂಗಡಿಯ ಹಿಂದೆ ಸೀಮೆಎಣ್ಣೆ ಸ್ಟೌ ಇಟ್ಟುಕೊಂಡು ದಿನಾ ಕಾಫಿ ಮಾಡುವುದು ಕಲಿಯುತ್ತಿದ್ದರಂತೆ. ಮಾಡಿದ್ದನ್ನು ಬಂದ ಗಿರಾಕಿಗಳಿಗೆಲ್ಲ ಕುಡಿಸುತ್ತಿದ್ದರಂತೆ. ಅದಕ್ಕೇ ಜನ ದೂರದಿಂದ ಕೈಮುಗಿದು ಹೋಗುತ್ತಿದ್ದದ್ದು. ಬೆರಳು ಸುಟ್ಟದ್ದು ಡ್ರಮ್ಮಿನಿಂದಲ್ಲ. "ಅವಳು ಆಸ್ಪತ್ರೆಯಿಂದ ಬಂದ್ಮೇಲೆ ಯಾರು ಮಾಡಿಕೊಡ್ತಾರೆ ಅವಳಿಗೆ?" ಎಂದಿದ್ದರಂತೆ.

ನಾನು ವಾಪಸ್ ಬರುತ್ತೇನೆ ಎಂದು ಇವರಿಗೆ ಗೊತ್ತಿತ್ತು. ನನಗೆ ಗೊತ್ತಿರಲಿಲ್ಲ.

ಪೂಜೆ ಮುಗಿಸಿ ಬಂದು ಇಡ್ಲಿ ತಿನ್ನುತ್ತಿದ್ದಾಗ ಜಗಲಿಯ ಕುರ್ಚಿಯಲ್ಲಿ ಯಾರೂ ಇರಲಿಲ್ಲ. ಅಡುಗೆಮನೆಯಲ್ಲಿ ಏನೋ ಬಿದ್ದ ಸದ್ದು ಕೇಳಿಸಿತು. ನಾನು ಏಳಲಿಲ್ಲ.

ತಿಂದದ್ದು: ಇಡ್ಲಿ ಎರಡು, ಚಟ್ನಿ. ಕಾಫಿ ಅರ್ಧ ಲೋಟ, ಇವರು ಮಾಡಿದ್ದು.
ನೋವು: ಇಲ್ಲ.
ಸಕ್ಕರೆ: ಹಾಕಲು ಮರೆತಿದ್ದರು. ನಾನು ಹೇಳಲಿಲ್ಲ.